ಜಾವಕ ವಹಿಯ ಒಂದು ಸಾಲು

ದೂರು ರಿಜಿಸ್ಟರ್ ಅಂಚೆಯಲ್ಲಿ ಬಂತು. ಎರಡು ಪುಟದ ಪತ್ರ, ಅದಕ್ಕೆ ಪಿನ್ ಚುಚ್ಚಿದ ಒಂದು ಗುರುತಿನ ಚೀಟಿಯ ಝೆರಾಕ್ಸ್. ನೇಕಾರರಿಗೆ ಕೊಡುವ ಚೀಟಿ ಅದು. ಅದರಲ್ಲಿ ರುಮಾಲು ಸುತ್ತಿದ ಒಬ್ಬ ಹಿರಿಯರ ಭಾವಚಿತ್ರವಿತ್ತು. ಗಜೇಂದ್ರಗಡದ ನಮ್ಮ ಕೈಮಗ್ಗ ತರಬೇತಿ ಕೇಂದ್ರದ ಬೋಧಕಿ ತನ್ನ ಅರ್ಜಿಯ ಅನುಭವದ ಕಲಮಿನಲ್ಲಿ ಈ ಚೀಟಿಯ ನಂಬರು ಬರೆದು ಕೆಲಸ ಗಿಟ್ಟಿಸಿದ್ದಾರೆ, ಚೀಟಿ ಅವರದಲ್ಲ, ಅವರನ್ನು ತೆಗೆದುಹಾಕಬೇಕು ಎಂಬುದು ದೂರು. ಬರೆಸಿದವರು ಅದೇ ಕೆಲಸಕ್ಕೆ ಅರ್ಜಿ ಹಾಕಿ ಆಯ್ಕೆಯಾಗದೆ ಉಳಿದ ಇನ್ನೊಬ್ಬರು. ಹದಿನೈದು ದಿನದಲ್ಲಿ ಕ್ರಮ ಕೈಗೊಳ್ಳದಿದ್ದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುತ್ತೇವೆ ಎಂದು ಕೊನೆಯಲ್ಲಿ ವಕೀಲರ ಒಂದು ಸಾಲು.

ಕಾನೂನಿನ ವಾಸನೆ ಇರುವ ಕಾಗದವೆಲ್ಲ ರೋಣದ ನಮ್ಮ ಕಚೇರಿಯಲ್ಲಿ ನನ್ನ ಮೇಜಿಗೇ ಬರುತ್ತದೆ. ನಾನು ವಕೀಲನಲ್ಲ. ಕಾನೂನು ಪದವಿಯನ್ನು ಅರ್ಧಕ್ಕೆ ಬಿಟ್ಟವನು. ಆದರೂ ಕರಡು ಬರೆಯುವುದು, ನೋಟೀಸು ತಯಾರಿಸುವುದು, ಕಡತ ಕಟ್ಟುವುದು ನನ್ನ ಪಾಲಿಗೆ ಬಂದು, ಕಚೇರಿಯವರು ನನ್ನನ್ನು 'ಜಡ್ಜ್ ಸಾಹೇಬ್ರು' ಎಂದು ಚುಡಾಯಿಸುತ್ತಿದ್ದರು. ಮೊದಲೆಲ್ಲ ನಾನೂ ಅದಕ್ಕೆ ಏನಾದರೊಂದು ತಿರುಗಿಸಿ ಅನ್ನುತ್ತಿದ್ದೆ. ಆಗ ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಆ ಎರಡು ವರ್ಷದಲ್ಲಿ ನನಗೆ ಜೋರಾಗಿ ನಗು ಬಂದದ್ದಾಗಲಿ, ಸಿಟ್ಟು ಬಂದದ್ದಾಗಲಿ ನೆನಪಿಲ್ಲ. ಖಾನಾವಳಿಯ ರೊಟ್ಟಿ ತಿನ್ನುವುದು, ಕಚೇರಿಗೆ ಬರುವುದು, ಹೋಗಿ ಮಲಗುವುದು. ಕೆಲಸ ಮಾತ್ರ ತಪ್ಪಿಲ್ಲದೆ ಮಾಡುತ್ತಿದ್ದೇನೆ ಎಂದು ನಂಬಿದ್ದೆ.

ಕಾಗದವನ್ನು ನಿರ್ದೇಶಕರ ಮುಂದಿಟ್ಟೆ. ಅವರು ಝೆರಾಕ್ಸಿನ ಭಾವಚಿತ್ರ ನೋಡಿ, ನನ್ನ ಮುಖ ನೋಡಿದರು.

"ಇದು ಫೋರ್ಜರಿ ಅಲ್ಲೇನ್ರಿ?"

"ಚೀಟಿ ಖರೇದ ಐತ್ರಿ. ಮಂದಿ ಬ್ಯಾರೆ."

"ಅದ ಮತ್ತ! ಕಾರಣ ಕೇಳಿ ನೋಟೀಸ್ ಕೊಡ್ರಿ. ಆಮ್ಯಾಲ ರದ್ದತಿ ಆದೇಶ. ಅದರ ಸಂಗಾಟನ ಪೊಲೀಸ್ ಸ್ಟೇಶನ್‌ಗೆ ಒಂದ್ ಫಿರ್ಯಾದಿ ಬರದ್ ಇಡ್ರಿ. ಹೈಕೋರ್ಟಿಗೆ ಹೋಗಿ ನಿಂದ್ರೂದು ನನಗ ಬ್ಯಾಡ."

ಅರ್ಜಿಗಳನ್ನು ಪರಿಶೀಲಿಸಿದವನು ನಾನೇ. ನಂಬರು ಇದೆಯೇ ಎಂದು ನೋಡಿ ಪೆನ್ಸಿಲಿನಿಂದ ಗುರುತು ಹಾಕಿದ್ದೆ. ನಂಬರು ಯಾರದು ಎಂದು ನೋಡಿರಲಿಲ್ಲ. ಅದನ್ನು ನಿರ್ದೇಶಕರಿಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಧ್ಯಾಹ್ನದೊಳಗೆ ನೋಟೀಸು ಬರೆದು ಮುಗಿಸಿದೆ. 'ಅನ್ಯರ ದಾಖಲೆಯನ್ನು ತಮ್ಮದೆಂದು ಬಿಂಬಿಸಿ ಸಂಸ್ಥೆಯನ್ನು ವಂಚಿಸಿರುತ್ತೀರಿ' ಎಂಬ ಸಾಲು ಒಂದೇ ಏಟಿಗೆ ಬಂತು. ಇಂಥ ಸಾಲುಗಳು ನನ್ನ ಕೈಗೆ ಬಾಯಿಪಾಠವಾಗಿವೆ.

ನಮ್ಮದು ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕಿನ ಜನಕ್ಕೆ ಕೈಕಸುಬು ಕಲಿಸುವ ಸರ್ಕಾರದ ಸಂಸ್ಥೆ. ನರಗುಂದದಲ್ಲಿ ಮೋಟಾರ್ ವೈಂಡಿಂಗ್, ಶಿರೋಳದಲ್ಲಿ ಹೊಲಿಗೆ, ಗಜೇಂದ್ರಗಡದಲ್ಲಿ ಕೈಮಗ್ಗ. ಹೊರಗಿನವರಿಗೆ ಸಂಸ್ಥೆಯೆಂದರೆ ಫಲಕ, ಕಟ್ಟಡ, ಜೀಪು. ನನ್ನ ಲೆಕ್ಕದಲ್ಲಿ ಅದು ಮೂರು ಕಾಗದ. ಮೊದಲನೆಯದು ಇಂಥದೊಂದು ಸಂಸ್ಥೆ ಇರಲಿ ಎನ್ನುವ ಸರ್ಕಾರಿ ಆದೇಶ. ಎರಡನೆಯದು ನಾವು ಯಾತಕ್ಕಾಗಿ ಇದ್ದೇವೆ ಎಂದು ಹೇಳುವ ಸಂಘದ ಜ್ಞಾಪನ ಪತ್ರ. ಮೂರನೆಯದು ಉಪವಿಧಿಗಳು, ಎಂದರೆ ಯಾವ ಕಸುಬು ಕಲಿಸಬಹುದು, ಯಾರು ಯಾರನ್ನು ನೇಮಿಸಬಹುದು, ಯಾರನ್ನು ತೆಗೆಯಬಹುದು ಎಂಬ ನಿಯಮಗಳು. ಉಪವಿಧಿಯಲ್ಲಿ ಒಂದು ಪದ ಬದಲಿಸಬೇಕಾದರೂ ಸರ್ವಸದಸ್ಯರ ಸಭೆ ಕರೆದು, ವಿಶೇಷ ನಿರ್ಣಯ ಮಾಡಿ, ನಡಾವಳಿಯ ಪ್ರತಿಯನ್ನು ಗದಗಿನ ಸಂಘಗಳ ನೋಂದಣಿ ಕಚೇರಿಗೆ ಸಲ್ಲಿಸಬೇಕು. ಅಲ್ಲಿ ದಾಖಲಾಗಿ ಮುದ್ರೆ ಬೀಳುವ ತನಕ ಆ ಬದಲಾವಣೆಗೆ ಕಾನೂನಿನಲ್ಲಿ ಜೀವವಿಲ್ಲ.

ಮೊದಲಿನ ಉಪವಿಧಿಯಲ್ಲಿ ಕೈಮಗ್ಗ ಇರಲೇ ಇಲ್ಲ. ಬೋಧಕರೂ ಇಲಾಖೆಯಿಂದ ಎರವಲು ಬಂದವರೇ. ಕೈಮಗ್ಗ ಸೇರಿದ್ದು ಎರಡು ವರ್ಷದ ಹಿಂದಿನ ತಿದ್ದುಪಡಿಯಲ್ಲಿ. ನಮ್ಮದೇ ಬೋಧಕರನ್ನು ನೇಮಿಸುವ ಅಧಿಕಾರ, ಆ ನೇಮಕ ರದ್ದು ಮಾಡುವ ಅಧಿಕಾರ ಎರಡೂ ಅದರಲ್ಲೇ ಬಂದವು. ಕರಡು ನನ್ನದೇ. 'ಅನುಭವ ಎಂದರೆ ನೇಕಾರರ ಗುರುತಿನ ಚೀಟಿ ಹೊಂದಿರುವುದು' ಎಂದು ಬರೆದದ್ದೂ ನಾನೇ.

ನೋಟೀಸಿಗೆ ಬೋಧಕಿಯ ಉತ್ತರ ನಾಲ್ಕನೆಯ ದಿನ ಬಂತು. ಗೆರೆ ಹಾಳೆಯಲ್ಲಿ ದುಂಡನೆಯ ಅಕ್ಷರ. 'ಚೀಟಿ ನಮ್ಮ ಮಾವನವರದು. ಕೆಲಸ ನನ್ನದು. ಅರ್ಜಿಯಲ್ಲಿ ಚೀಟಿಯ ನಂಬರು ಕೇಳಿದ್ದರು, ಮನೆಯಲ್ಲಿದ್ದ ನಂಬರು ಬರೆದಿದ್ದೇನೆ. ಮೋಸ ಮಾಡಿಲ್ಲ.' ಇಷ್ಟೇ. ಉತ್ತರ ಬಂದ ಮೇಲೆ ಸ್ಥಳ ವಿಚಾರಣೆ ಮಾಡಿ ಜಬಾನಿ, ಎಂದರೆ ಬಾಯಿಮಾತಿನ ಹೇಳಿಕೆ, ಬರೆದುಕೊಳ್ಳಬೇಕು, ಇಲ್ಲದಿದ್ದರೆ ಆದೇಶ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮರುದಿನ ಗಜೇಂದ್ರಗಡದ ಬಸ್ಸು ಹತ್ತಿದೆ.

ಮನೆಯ ಪಡಸಾಲೆಯ ಮುಕ್ಕಾಲು ಭಾಗ ಕುಣಿಮಗ್ಗವೇ ಇತ್ತು. ಮಗ್ಗದ ಮೇಲೆ ಕೆಂಪು ದಡಿಯ ಸೀರೆ ಅರ್ಧ ಇಳಿದಿತ್ತು. ಮಾವ ಗೋಡೆಗೆ ಆತು ಕೂತಿದ್ದರು. ಝೆರಾಕ್ಸಿನಲ್ಲಿ ನೋಡಿದ ಅದೇ ರುಮಾಲು. ನನ್ನ ಧ್ವನಿ ಬಂದ ಕಡೆ ಮುಖ ತಿರುಗಿಸಿ, ನಾನು ನಿಂತದ್ದಕ್ಕಿಂತ ಒಂದು ಮೊಳ ಆಚೆ ನೋಡಿ ಕೈಮುಗಿದರು. ಬೋಧಕಿ ತಲೆಯ ಮೇಲೆ ಸೆರಗು ಎಳೆದುಕೊಂಡು ಮಗ್ಗದ ಆಚೆ ನಿಂತಿದ್ದರು. ಗಂಡ ರೋಣದ ಮಾರುಕಟ್ಟೆಯಲ್ಲಿ ತೂಕದ ಕೆಲಸ ಮಾಡುವವರು, ಬೆಳಗಿನ ಬಸ್ಸಿಗೇ ಹೋಗಿದ್ದರು. ಅವರಿಗೆ ಮಗ್ಗ ಹತ್ತಲಿಲ್ಲ ಎಂದು ಆಮೇಲೆ ತಿಳಿಯಿತು.

ಜಬಾನಿಯ ಹಾಳೆ ತೆಗೆದು ಮೇಲಿನ ಕಲಮುಗಳನ್ನು ತುಂಬಿಸಿದೆ. ಹೆಸರು, ವಯಸ್ಸು, ಊರು.

"ಉದ್ಯೋಗ ಏನ್ರಿ ಯಜಮಾನ್ರ?"

"ನೇಕಾರ್ರಿ. ನಮ್ಮಪ್ಪನೂ ನೇಕಾರ, ಅವರಪ್ಪನೂ ನೇಕಾರ."

"ಈಗ ಈ ಮಗ್ಗದ ಮ್ಯಾಲ ಯಾರ್ ನೇಯತಾರ್ರಿ?"

ಅವರು ತಡಮಾಡಲಿಲ್ಲ. "ಮತ್ಯಾರ್ರಿ? ನಾನ ನೇಯತೇನಿ."

ನಾನು ಬೋಧಕಿಯ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. "ಅಕ್ಕಾರ, ನೀವೇನಾರ ಹೇಳೂದ್ ಐತೇನ್ರಿ?" ಎಂದು ಕೇಳಿದೆ. "ಮಾವಾರು ಹೇಳ್ಯಾರಲ್ರಿ" ಎಂದರು. ನಾನು ಅದನ್ನೇ ಬರೆದೆ. ಓದಿ ಹೇಳಿದೆ. ಹೆಬ್ಬೆರಳನ್ನು ಹಿಡಿದು ಜಾಗ ತೋರಿಸಿದಾಗ ಯಜಮಾನರು ಗುರುತು ಒತ್ತಿದರು. ಕೆಲಸದ ದೃಷ್ಟಿಯಿಂದ ಆ ಜಬಾನಿ ಬಹಳ ಚೆನ್ನಾಗಿ ಬಂದಿತ್ತು. ಆ ಒಂದು ಹಾಳೆ ಸಾಕಿತ್ತು, ಬೋಧಕಿಯನ್ನು ಮನೆಗೆ ಕಳಿಸಲು, ಪೊಲೀಸರವರೆಗೂ ಎಳೆಯಲು.

ಬಸ್ಸಿಗೆ ಹೊತ್ತಿತ್ತು. ತರಬೇತಿ ಕೇಂದ್ರದ ಹಾಜರಿ ಪುಸ್ತಕ ನೋಡಿ ಹೋಗೋಣ ಎಂದು ಆ ಕಡೆ ನಡೆದೆ. ಬಾಡಿಗೆಯ ತಗಡಿನ ಶೆಡ್ಡು, ಒಳಗೆ ನಾಲ್ಕು ಮಗ್ಗ. ಬೋಧಕಿ ಹಿಂದಿನಿಂದಲೇ ಬಂದರು. ಅಲ್ಲಿ ಅವರ ತಲೆಯ ಮೇಲೆ ಸೆರಗು ಇರಲಿಲ್ಲ. ಕಲಿಯುವ ಹೆಂಗಸರೊಬ್ಬರು ಮಗ್ಗದ ಹಣಿಗೆಯಲ್ಲಿ ಎಳೆ ತಪ್ಪಿಸಿದ್ದರು. ನಡೆಯುತ್ತಲೇ ಬಗ್ಗಿ, ಎರಡು ಬೆರಳಲ್ಲಿ ಎಳೆ ಹಿಡಿದು ಗಂಟು ಹಾಕಿ, ಬೋಧಕಿ ನನ್ನ ಎದುರಿಗೆ ಬಂದು ನಿಂತರು.

"ಸರ, ಮಾವಾರಿಗೆ ಕಣ್ಣ್ ಕಾಣಂಗಿಲ್ರಿ. ಎಂಟ್ ವರ್ಷ ಆತು."

"ಗೊತ್ತಾತ್ರಿ."

"ನೇಕಾರ್ರನ್ನ ಎಣಸಾಕ ಮನಿಮನಿಗೆ ಬಂದಿದ್ರಲ್ರಿ, ಆವಾಗ ಪಡಸಾಲ್ಯಾಗ ನಿಂತು, ಈ ಮನ್ಯಾಗ ನೇಕಾರರು ಯಾರು ಅಂತ ಕೇಳಿದ್ರು. ಮಾವಾರು ಅಲ್ಲೇ ಕುಂತಿದ್ರು. ನಾನು ಅಂತ ಹ್ಯಾಂಗ್ ಹೇಳ್ಲಿರಿ? ಹಂಗ ಅಂದ್ರ, ನಿಮ್ಮದು ಮುಗೀತು, ಮೂಲಿ ಹಿಡದ್ ಕುಂದರ್ರಿ ಅಂದಂಗ ಆಗ್ತೈತಿ. ನಮ್ಮ ಓಣ್ಯಾಗ ಯಾವ ಮನ್ಯಾಗೂ ಹಂಗ ಹೇಳಂಗಿಲ್ರಿ. ಇವತ್ತಿಗೂ ಮಗ್ಗಕ್ಕ ಹೊಸ ಹಾಸು ಏರಿಸಿದಾಗ ಮೊದಲನೇ ನಾಕ್ ಎಳಿ ಅವರ ಹೊಡೀತಾರ. ಲಾಳಿ ನಾ ಕೈಯಾಗ ಕೊಡ್ತೇನಿ. ಆಮ್ಯಾಲ ನಾ ಕುಂದರ್ತೇನಿ."

ನಾನು ಜೇಬಿನಿಂದ ಪೆನ್ನು ತೆಗೆದೆ. "ಇದನ್ನ ಜಬಾನಿಯೊಳಗ ಹೇಳ್ರಿ. ನಿಮಗ ಉಪಯೋಗ ಆಗ್ತೈತಿ."

"ಬ್ಯಾಡ್ರಿ. ಬರದ್ರ ಅವರಿಗೆ ಓದಿ ಹೇಳ್ತೀರಿ."

"ಕೆಲಸ ಹೋಗ್ತೈತ್ರಿ ಅಕ್ಕಾರ. ಪೊಲೀಸ್ ಫಿರ್ಯಾದಿನೂ ಆಗಬಹುದು."

ಅವರ ಕಣ್ಣು ತುಂಬಿದ್ದು ಕಂಡಿತು. "ಆಗ್ಲಿ ಬಿಡ್ರಿ" ಎಂದು ಮಗ್ಗದ ಕಡೆ ತಿರುಗಿದರು. ಪೆನ್ನನ್ನು ಜೇಬಿಗೆ ಹಾಕಿಕೊಂಡು ನಾನು ಬಸ್ಸಿಗೆ ಹೋದೆ. ದಾರಿಯುದ್ದಕ್ಕೂ ಕಿಟಕಿಯಾಚೆ ಕಡಲೆ ಕಿತ್ತ ಎರೆ ಹೊಲಗಳು. ಅಯ್ಯೋ ಪಾಪ ಅನಿಸಬೇಕಾಗಿತ್ತು. ಅನಿಸಲಿಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು ಪರಿಗಣಿಸಲು ಬರುವುದಿಲ್ಲ ಎಂದು ಮಾತ್ರ ಮನಸ್ಸಿನಲ್ಲಿ ಓಡುತ್ತಿತ್ತು.

ರದ್ದತಿ ಆದೇಶದ ಕರಡು ಹಿಡಿದೆ. ಇಂಥ ಆದೇಶದಲ್ಲಿ ಮೊದಲು ಬರೆಯುವುದು ತಪ್ಪನ್ನಲ್ಲ, ಅಧಿಕಾರವನ್ನು. 'ಸಂಸ್ಥೆಯ ತಿದ್ದುಪಡಿಯಾದ ಉಪವಿಧಿಗಳನ್ವಯ ಪ್ರದತ್ತವಾದ ಅಧಿಕಾರವನ್ನು ಚಲಾಯಿಸಿ' ಎಂದು ಬರೆದು, ತಿದ್ದುಪಡಿ ದಾಖಲಾದ ನಂಬರಿಗೂ ದಿನಾಂಕಕ್ಕೂ ಜಾಗ ಬಿಟ್ಟೆ. ಆ ನಂಬರು ನೋಂದಣಿ ಕಚೇರಿಯ ಮುದ್ರೆಯ ಪ್ರತಿಯಲ್ಲಿರುತ್ತದೆ. ತಿದ್ದುಪಡಿಯ ಕಡತ ತೆಗೆದೆ. ಸಭೆಯ ಸೂಚನೆ ಇತ್ತು, ಹಾಜರಾತಿ ಇತ್ತು, ನಡಾವಳಿಯ ಕಚೇರಿ ಪ್ರತಿ ಇತ್ತು. ಮುದ್ರೆಯ ಪ್ರತಿ ಇರಲಿಲ್ಲ.

ಹೊರಗೆ ಹೋಗುವ ಪ್ರತಿ ಪತ್ರಕ್ಕೂ ನಂಬರು ಕೊಟ್ಟು ಬರೆದಿಡುವುದು ಜಾವಕ ವಹಿಯಲ್ಲಿ. ಎರಡು ವರ್ಷದ ಹಿಂದಿನ ವಹಿ ತೆಗೆಸಿ ನೋಡಿದೆ. ನನ್ನ ಅಕ್ಷರದಲ್ಲೇ ಇತ್ತು: 'ಉಪವಿಧಿ ತಿದ್ದುಪಡಿ, ಸಂಘಗಳ ನೋಂದಣಿ ಕಚೇರಿ, ಗದಗ. ಖುದ್ದಾಗಿ ಸಲ್ಲಿಸಲಾಗಿದೆ.' ಎದುರಿಗೆ ನನ್ನ ಸಹಿ. ಮನಸ್ಸು ನಿರಾಳವಾಯಿತು. ಪ್ರತಿ ಅವರಲ್ಲೇ ಉಳಿದಿರಬೇಕು ಎಂದುಕೊಂಡು ಗದಗಕ್ಕೆ ಹೋದೆ. ಅಲ್ಲಿಯ ಗುಮಾಸ್ತರು ಒಳ್ಳೆಯವರು. ಬಂದ ಕಾಗದ ಬರೆದಿಡುವ ಆವಕ ವಹಿಯಲ್ಲಿ ಆ ದಿನಾಂಕದ ಹಿಂದಿನ ಮುಂದಿನ ಎರಡೆರಡು ತಿಂಗಳ ಪುಟಗಳನ್ನು ನನ್ನ ಮುಂದೆಯೇ ತಿರುವಿದರು.

"ನಿಮ್ಮ ಸಂಸ್ಥಾದ್ದು ಏನೂ ಬಂದಿಲ್ರಿ. ನೀವ ಕೊಟ್ಟೀರೇನು, ಖಾತ್ರಿ ಐತಿ?"

"ಸಲ್ಲಿಸಲಾಗಿದೆ ಅಂತ ಬರದೇನಲ್ರಿ" ಎಂದೆ.

ಅವರು ನನ್ನನ್ನೇ ನೋಡಿದರು. ಆಗ ಆ ದಿನ ನೆನಪಿಗೆ ಬಂತು.

ನನಗೊಂದು ರೂಢಿಯಿತ್ತು. ಗದಗಕ್ಕೆ ಕಾಗದ ಒಯ್ಯುವುದಿದ್ದರೆ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲೇ ಜಾವಕ ವಹಿಯಲ್ಲಿ 'ಸಲ್ಲಿಸಲಾಗಿದೆ' ಎಂದು ಬರೆದುಬಿಡುತ್ತಿದ್ದೆ. ವಾಪಸು ಬರುವಷ್ಟರಲ್ಲಿ ಕಚೇರಿ ಮುಚ್ಚಿರುತ್ತದೆ, ಮರುದಿನ ಮರೆತುಹೋಗುತ್ತದೆ ಎಂದು. ಅದೆಷ್ಟೋ ವರ್ಷ ಹಾಗೇ ಮಾಡಿದ್ದೆ, ಒಂದೂ ತಪ್ಪಿರಲಿಲ್ಲ. ಆ ದಿನವೂ ಬರೆದು, ಲಕೋಟೆಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟೆ. ಬಸ್ಸು ಅರ್ಧ ದಾರಿ ದಾಟಿದಾಗ ಪಕ್ಕದ ಮನೆಯವರ ಫೋನು ಬಂತು. ಹೆಂಡತಿಗೆ ಒಮ್ಮೆಲೇ ಎದೆನೋವು, ಗಾಡಿ ಮಾಡಿಕೊಂಡು ಗದಗದ ದವಾಖಾನೆಗೆ ಕರೆದುಕೊಂಡು ಬರುತ್ತಿದ್ದೇವೆ ಎಂದರು. ನಾನು ಬಸ್‌ಸ್ಟ್ಯಾಂಡಿನಿಂದ ನೇರ ದವಾಖಾನೆಗೆ ಹೋದೆ. ಮೂರನೆಯ ದಿನ ಆಕೆಯನ್ನು ಊರಿಗೆ ತಂದೆವು. ಜೀವ ಇರಲಿಲ್ಲ.

ಆ ಕೈಚೀಲ ನಡುಮನೆಯ ಗೂಟಕ್ಕೇ ತೂಗುಬಿದ್ದಿತ್ತು. ಯಾರೋ ತಂದು ಹಾಕಿದ್ದು, ಎರಡು ವರ್ಷ ನಾನು ಅದನ್ನು ಮುಟ್ಟಿರಲಿಲ್ಲ. ಗದಗದಿಂದ ಬಂದವನೇ ಇಳಿಸಿ, ನೆಲದ ಮೇಲೆ ಕೂತು ಬಿಚ್ಚಿದೆ. ಮೇಲೆ ಆಕೆಯ ಹಣಿಗೆ, ಒಂದು ಸ್ವೆಟರು, ರಕ್ತ ತಪಾಸಣೆಯ ಚೀಟಿಗಳು, ಅರ್ಧ ಮುಗಿದ ಗುಳಿಗೆಯ ಪಾಕೀಟು. ಎಲ್ಲಕ್ಕೂ ಕೆಳಗೆ ನಮ್ಮ ಸಂಸ್ಥೆಯ ಲಕೋಟೆ. ಅಂಟು ಕೂಡ ಬಿಟ್ಟಿರಲಿಲ್ಲ. ಹಣಿಗೆಯ ಹಲ್ಲಿನಲ್ಲಿ ಒಂದು ಕೂದಲು ಸಿಕ್ಕಿಕೊಂಡಿತ್ತು. ಅಳು ಬರಬಹುದು ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಲಕೋಟೆ ಬೇರೆ ಇಟ್ಟು, ಉಳಿದದ್ದನ್ನು ಚೀಲಕ್ಕೆ ತುಂಬಿ ಅದೇ ಗೂಟಕ್ಕೆ ಹಾಕಿದೆ.

ಮರುದಿನ ಲಕೋಟೆಯನ್ನು ನಿರ್ದೇಶಕರ ಮೇಜಿನ ಮೇಲೆ ಇಟ್ಟು ಎಲ್ಲ ಹೇಳಿದೆ. ತಿದ್ದುಪಡಿ ದಾಖಲಾಗಿಲ್ಲ. ಆದ್ದರಿಂದ ನೇಮಕ ರದ್ದು ಮಾಡುವ ಅಧಿಕಾರ ನಮಗಿಲ್ಲ. ನೋಟೀಸು ಕೊಡುವ ಅಧಿಕಾರವೂ ಇರಲಿಲ್ಲ. ಹೈಕೋರ್ಟು ತಪ್ಪಿತೆಂದು ಅವರ ಮುಖ ಅರಳಿತು, ಬೇಗ ಬಾಡಿತು. ಏಕೆಂದರೆ ಮುಂದಿನದನ್ನೂ ಹೇಳಿದೆ: ನೇಮಿಸುವ ಅಧಿಕಾರವೂ ಇರಲಿಲ್ಲ, ಕೈಮಗ್ಗ ಕೇಂದ್ರವೇ ಕಾನೂನಿನ ಪ್ರಕಾರ ಇಲ್ಲ. ಅದೇ ಲಕೋಟೆಯೊಳಗೆ ಬೋಧಕಿಯ ಹುದ್ದೆಯೂ ಇತ್ತು, ಆ ಹುದ್ದೆ ಕಸಿಯುವ ಅಧಿಕಾರವೂ ಇತ್ತು.

ನಿರ್ದೇಶಕರು ಬಾಗಿಲು ಮುಂದೆ ಮಾಡಿ ಬಂದು ಕೂತರು. "ನೋಡ್ರಿ, ನಾಳೆ ಗದಗಕ್ಕ ಹೋಗಿ ಮುದ್ರಿ ಹಾಕಿಸ್ಕೊಂಡ್ ಬರ್ರಿ. ಜಾವಕದಾಗ ಎರಡ್ ವರ್ಷದ ಹಿಂದಿನ ನಂಬರ್ ಐತಲಾ. ನಾವ್ ಆವಾಗ ಕೊಟ್ಟೇವಿ, ತಡಾ ಆಗಿದ್ದು ಅವರ ಕಡಿಂದ ಅನ್ನೋಣು."

"ತಡಾ ಅವರದಲ್ರಿ. ಚೀಲ ನಮ್ಮನ್ಯಾಗ ಇತ್ತು."

"ಅದನ್ನ ಯಾರ್ ನೋಡ್ಯಾರ್ರಿ? ಹೊರಗ ಬಿದ್ರ ಎಲ್ಲಾ ನಿಮ್ಮ ಮ್ಯಾಲ ಬರ್ತೈತಿ. ರಿಟೈರ್ ಆಗಾಕ ಎಷ್ಟ್ ವರ್ಷ ಉಳದಾವು?"

"ಮೂರು."

"ಮತ್ತ? ಮನಿಗೆ ಹೋಗಿ ವಿಚಾರ ಮಾಡ್ರಿ."

ಮನೆಗೆ ಹೋಗಲಿಲ್ಲ. ನನ್ನ ಮೇಜಿಗೆ ಬಂದು ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡೆ. ಒಂದು ಬೋಧಕಿಯ ಅರ್ಜಿ, ಇನ್ನೊಂದು ಜಾವಕ ವಹಿಯ ಆ ಪುಟ. ಅನುಭವದ ಕಲಮಿನಲ್ಲಿ ಆಕೆ ಮನೆಯ ರೂಢಿಯಂತೆ ಮಾವನ ನಂಬರು ಬರೆದಿದ್ದರು, ಮಾಡಿದ ಕೆಲಸಕ್ಕೆ. ನಾನು ನನ್ನ ರೂಢಿಯಂತೆ ಸಲ್ಲಿಸಲಾಗಿದೆ ಎಂದು ಬರೆದಿದ್ದೆ, ಮಾಡದ ಕೆಲಸಕ್ಕೆ. ಇಬ್ಬರಲ್ಲಿ ಒಬ್ಬರಿಗೆ 'ವಂಚಿಸಿರುತ್ತೀರಿ' ಎಂದು ನೋಟೀಸು ಹೋಗಿತ್ತು. ಆ ನೋಟೀಸು ಬರೆದವನು ಇನ್ನೊಬ್ಬ. ನನಗೆ ನಾಚಿಕೆಯಾಯಿತು. ಬಹಳ ದಿನಕ್ಕೆ ಏನೋ ಒಂದು ಆಗಿತ್ತು, ಆದ್ದರಿಂದ ಅದನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಕಡತದಲ್ಲಿ ಟಿಪ್ಪಣಿ ಬರೆದೆ. ಜಾವಕ ವಹಿಯ ಸದರಿ ನಮೂದು ನಿಜವಲ್ಲ. ಅದನ್ನು ಮಾಡಿದವನು ನಾನು. ತಿದ್ದುಪಡಿ ಈವರೆಗೆ ದಾಖಲಾಗಿಲ್ಲ. ಬೋಧಕಿಗೆ ಕೊಟ್ಟ ನೋಟೀಸು ಅಧಿಕಾರವಿಲ್ಲದ್ದು, ಹಿಂಪಡೆಯಬೇಕು. ಅವರ ಅರ್ಜಿಯಲ್ಲಿ ವಂಚನೆಯ ಉದ್ದೇಶ ಕಾಣುವುದಿಲ್ಲ. ಹುದ್ದೆ ಕೂಡ ಊರ್ಜಿತವಲ್ಲ. ಸಹಿ ಮಾಡಿ, ಪುಟಕ್ಕೆ ನಂಬರು ಹಾಕಿದೆ. ನಂಬರು ಬಿದ್ದ ಪುಟವನ್ನು ಕಡತದಿಂದ ಯಾರೂ ತೆಗೆಯುವಂತಿಲ್ಲ. ಧೈರ್ಯ ಮಾಡಿದೆ ಎಂದು ಹೇಳಿಕೊಳ್ಳಲಾರೆ. ಹೆದರಿಕೆ ಹುಟ್ಟಬೇಕಾದ ಜಾಗದಲ್ಲಿ ಆಗ ನನಗೆ ಏನೂ ಹುಟ್ಟುತ್ತಿರಲಿಲ್ಲ.

ನಿರ್ದೇಶಕರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ನನಗೆ ಕಾರಣ ಕೇಳಿ ಜ್ಞಾಪನ ಬಂತು, ಉತ್ತರ ಕೊಟ್ಟೆ, ಒಂದು ವರ್ಷದ ಇಂಕ್ರಿಮೆಂಟು ತಡೆದರು. ನೋಟೀಸು ಹಿಂಪಡೆದ ಪತ್ರ ಗಜೇಂದ್ರಗಡಕ್ಕೆ ಹೋಯಿತು. ಪೊಲೀಸ್ ಫಿರ್ಯಾದಿಯ ಕರಡನ್ನು ನಾನೇ ಹರಿದೆ. ದೂರುದಾರರ ವಕೀಲರಿಗೂ ಹುದ್ದೆಯೇ ಇಲ್ಲವೆಂದು ತಿಳಿಸಿದೆವು, ಅವರು ಸುಮ್ಮನಾದರು. ಅದರ ಜೊತೆಗೇ ಕೈಮಗ್ಗದ ಶೆಡ್ಡಿಗೆ ಬೀಗ ಬಿತ್ತು. ನಾಲ್ಕು ಮಗ್ಗದ ಮೇಲೂ ಸೀರೆಗಳು ಅರ್ಧರ್ಧಕ್ಕೆ ನಿಂತಿದ್ದವು. ಬೀಗ ಹಾಕಿ ಅರಗಿನ ಮುದ್ರೆ ಒತ್ತಿದವನು ನಾನು. ಕಲಿಯುತ್ತಿದ್ದ ಹೆಂಗಸರು ರಸ್ತೆಯ ಆಚೆ ನಿಂತು ನೋಡುತ್ತಿದ್ದರು. ಬೋಧಕಿ ಬಂದಿರಲಿಲ್ಲ.

ಸರ್ವಸದಸ್ಯರ ಸಭೆ ಮತ್ತೆ ಕರೆಯಬೇಕಾಯಿತು. ಹಿಂದಿನ ನಿರ್ಣಯವನ್ನೇ ಈಗ ಸಲ್ಲಿಸಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಹಾಗೆ ಮಾಡಿದರೆ ಅನುಭವವೆಂದರೆ ಚೀಟಿ ಎಂಬ ನನ್ನ ಹಳೆಯ ವ್ಯಾಖ್ಯೆಯೂ ಹಾಗೇ ಉಳಿಯುತ್ತಿತ್ತು. ಹೊಸ ಕರಡಿನಲ್ಲಿ ಅದನ್ನು ತೆಗೆದು, 'ಅರ್ಜಿದಾರರು ಕಸುಬು ಮಾಡುವುದನ್ನು ಸಮಿತಿ ಕಣ್ಣಾರೆ ನೋಡತಕ್ಕದ್ದು. ಚೀಟಿ ಮನೆಯ ಬೇರೊಬ್ಬರ ಹೆಸರಿನಲ್ಲಿದ್ದರೆ ಕಸುಬು ಮಾಡುವವರು ಯಾರೆಂದು ಚೀಟಿದಾರರ ಜಬಾನಿ ಪಡೆಯತಕ್ಕದ್ದು' ಎಂದು ಬರೆದೆ. ಸಭೆ ನರಗುಂದದ ಕೇಂದ್ರದಲ್ಲಿ ಸೇರಿತು, ಬಿಚ್ಚಿಟ್ಟ ಮೋಟಾರುಗಳ ನಡುವೆ ಕುರ್ಚಿ ಹಾಕಿ. ಯಾರೂ ಜಾಸ್ತಿ ಚರ್ಚೆ ಮಾಡಲಿಲ್ಲ. ಅಧ್ಯಕ್ಷರು ಓದಿದರು, ಸದಸ್ಯರು ಕೈ ಎತ್ತಿದರು, ಚಹಾ ಬಂತು.

ಗದಗಕ್ಕೆ ನಾನೇ ಒಯ್ದೆ. ಬಸ್ಸು ಆ ದವಾಖಾನೆಯ ಮುಂದೆ ಹಾದು ಹೋಯಿತು. ಹೊಸ ಬಣ್ಣ ಹಚ್ಚಿದ್ದರು. ನೋಂದಣಿ ಕಚೇರಿಯ ಬೆಂಚಿನ ಮೇಲೆ ಸಂಜೆಯವರೆಗೆ ಕೂತೆ, ಮರುದಿನವೂ ಹೋಗಿ ಕೂತೆ, ಮುದ್ರೆಯ ಪ್ರತಿ ಕೈಗೆ ಬಂದ ಮೇಲೆ ಎದ್ದೆ. ರೋಣಕ್ಕೆ ಬಂದು ಹಳೆಯ ನಮೂದಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ಈ ವರ್ಷದ ವಹಿಯಲ್ಲಿ ಹೊಸದಾಗಿ ಬರೆದೆ.

ಹುದ್ದೆಗೆ ಮತ್ತೆ ಅರ್ಜಿ ಕರೆದೆವು. ಕೊನೆಯ ದಿನಕ್ಕೆ ಮೂರು ದಿನ ಉಳಿದರೂ ಬೋಧಕಿಯ ಅರ್ಜಿ ಬರಲಿಲ್ಲ. ಅವರ ಮೂಲ ಅಂಕಪಟ್ಟಿಗಳು ವಿಚಾರಣೆಗೆಂದು ನಮ್ಮಲ್ಲೇ ಉಳಿದಿದ್ದವು. ಅಂಚೆಯಲ್ಲಿ ಕಳಿಸಬಹುದಿತ್ತು. ನಾನೇ ತೆಗೆದುಕೊಂಡು ಹೋದೆ.

ಮಗ್ಗದ ಸದ್ದು ಓಣಿಯ ತಿರುವಿಗೇ ಕೇಳಿಸಿತು. ನಾನು ಹೊಸ್ತಿಲಲ್ಲಿ ನಿಂತದ್ದನ್ನು ಕಂಡು ಬೋಧಕಿ ಎದ್ದು ನಿಂತರು. ಸೆರಗು ತಲೆಗೆ ಹೋಯಿತು. ಮಾವ ಅದೇ ಗೋಡೆಗೆ ಆತು ಕೂತಿದ್ದರು. ಅಂಕಪಟ್ಟಿ ಕೊಟ್ಟು ಸಹಿ ಪಡೆದು, ಅರ್ಜಿ ಯಾಕೆ ಹಾಕಿಲ್ಲ ಎಂದು ಕೇಳಿದೆ.

"ಹಾಕಂಗಿಲ್ರಿ. ಮನಿ ಕೆಲಸ ಭಾಳ ಐತಿ" ಎಂದರು. ಕಾರಣ ಅದಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೊಸ ನಿಯಮದಲ್ಲಿ ಚೀಟಿದಾರರ ಜಬಾನಿ ಬೇಕು ಎಂದು ಬರೆದವನು ನಾನೇ. ಒಳ್ಳೆಯದು ಮಾಡಲು ಹೋಗಿ ಆಕೆ ದಾಟಲಾರದ ಜಾಗದಲ್ಲೇ ಬಾಗಿಲು ಇಟ್ಟಿದ್ದೆ.

ಮುದುಕರು ಕೆಮ್ಮಿದರು. "ಸಾಹೇಬ್ರ, ಕೇಂದ್ರದ ಕೀಲಿ ನನ್ನ ಮಾತಿಂದ ಬಿತ್ತೇನ್ರಿ?"

"ಇಲ್ರಿ ಯಜಮಾನ್ರ. ನನ್ನಿಂದ ಬಿತ್ತು." ನಾನು ಅವರ ಎದುರು ನೆಲದ ಮೇಲೆ ಕೂತೆ. ಲಕೋಟೆಯದು, ಚೀಲದ್ದು, ಹೆಂಡತಿಯದು, ಎಲ್ಲ ಹೇಳಿದೆ. ಎರಡು ವರ್ಷದಲ್ಲಿ ಯಾರ ಮುಂದೆಯೂ ಅಷ್ಟು ಉದ್ದ ಮಾತಾಡಿರಲಿಲ್ಲ. ಕೊನೆಗೆ, ವಹಿಯಲ್ಲಿ ಬರೆದದ್ದು ಸುಳ್ಳೆಂದು ನಾನೇ ಬರೆದುಕೊಟ್ಟೆ ಎಂದೆ.

"ಬರದದ್ದನ್ನ ತಿದ್ದಾಕ ಬರ್ತೈತೇನ್ರಿ?"

"ಅಳಸಾಕ ಬರಂಗಿಲ್ರಿ. ಮ್ಯಾಲ ಗೆರಿ ಎಳದು, ಕೆಳಗ ಹೊಸಾದು ಬರೀಬೇಕು. ಹಳೇದೂ ಕಾಣಬೇಕು."

ಅವರ ತೊಡೆಯ ಮೇಲಿನ ಬಲಗೈ ಲಾಳಿ ಹಿಡಿದಂತೆ ಅತ್ತಿತ್ತ ಸ್ವಲ್ಪ ಆಡುತ್ತಿತ್ತು. ಆಮೇಲೆ ನಿಂತಿತು.

"ಹಾಳಿ ತಂದೀರೇನ್ರಿ?"

ಬೋಧಕಿ ಮಗ್ಗದ ಆಚೆಯಿಂದ, "ಮಾವಾರ, ಬ್ಯಾಡ್ರಿ" ಎಂದರು. "ನೀ ಸುಮ್ನಿರ ತಂಗಿ" ಎಂದರು ಅವರು, ಮೆತ್ತಗೆ.

ಕಚೇರಿಯ ಚೀಲದಿಂದ ಜಬಾನಿಯ ಹಾಳೆ ತೆಗೆದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಎಂಟು ವರ್ಷದಿಂದ ನನಗೆ ಕಣ್ಣು ಕಾಣುವುದಿಲ್ಲ. ಹಾಸು ಏರಿಸಿದ ದಿನ ನಾಲ್ಕು ಎಳೆ ನಾನು ಹೊಡೆಯುತ್ತೇನೆ, ಅವು ಸೊಟ್ಟ ಬೀಳುತ್ತವೆ, ಸೊಸೆ ಅವನ್ನು ಬಿಚ್ಚಿ ಮತ್ತೆ ನೇಯುತ್ತಾಳೆ. ಬಿಚ್ಚುವ ಸದ್ದು ನನಗೆ ಕೇಳಿಸುತ್ತದೆ, ಕೇಳಿಸುತ್ತದೆಂದು ಅವಳಿಗೆ ಗೊತ್ತಿಲ್ಲ. ಈ ಮನೆಯ ಸೀರೆಗಳೆಲ್ಲ ಅವಳು ನೇಯ್ದವು. ಮಗ್ಗದ ಆಚೆ ಬೋಧಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಗಡಿಬಿಡಿಯಲ್ಲಿ ಮೇಲಿನ ಕಲಮುಗಳು ಖಾಲಿ ಉಳಿದಿದ್ದವು. ಹೆಸರು, ವಯಸ್ಸು, ಊರು ನನಗೆ ಗೊತ್ತಿತ್ತು, ತುಂಬಿದೆ. ಉದ್ಯೋಗ ಎಂಬಲ್ಲಿ ಪೆನ್ನು ನಿಂತಿತು. ಹೇಗೆ ಕೇಳಬೇಕೋ ತಿಳಿಯಲಿಲ್ಲ.

"ಯಾಕ್ ನಿಂತ್ರಿ?"

"ಉದ್ಯೋಗದ ಕಲಂ ಉಳದೈತ್ರಿ."

ಅವರು ರುಮಾಲು ತೆಗೆದು, ಮಡಿಚಿ, ಮತ್ತೆ ಸುತ್ತಿಕೊಂಡರು.

"ನೇಕಾರ್ತಿ ಮಾವ ಅಂತ ಬರೀರಿ."

ಬರೆದೆ. ಜಬಾನಿ ಬರೆದ ಮೇಲೆ ಹೇಳಿದವರಿಗೆ ಅದನ್ನು ಓದಿ ಹೇಳಬೇಕು, ಅದು ನಿಯಮ. ಓದಲು ಶುರು ಮಾಡಿದೆ. ಉದ್ಯೋಗದ ಸಾಲಿಗೆ ಬಂದಾಗ ನನ್ನ ಕಣ್ಣಲ್ಲಿ ನೀರು ತುಂಬಿ ಅಕ್ಷರ ಕಾಣದಾಯಿತು. ಮುದುಕರು ಮುಖ ನನ್ನ ಕಡೆ ಇಟ್ಟುಕೊಂಡು ಕಾಯುತ್ತಿದ್ದರು. ಎರಡು ಸಲ ಕೆಮ್ಮಿ, ಮೊದಲಿನಿಂದ ಓದಿದೆ.